ಹಾಸಿಗೆ ಅಳೆದವರು ಯಾರು?

ತಿಪಟೂರಿನ ಹತ್ತಿರದ ಊರೊಂದರಲ್ಲಿ ಈಚೆಗೆ ಒಂದು ಗೃಹಪ್ರವೇಶ. ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಬೆಂಗಳೂರಿನಿಂದ ಆ ಹುಡುಗ ಬಂದ. ಹುಡುಗ ಅಂದರೆ ಮೂವತ್ತನಾಲ್ಕು ವರ್ಷದವನು. ಜೊತೆಗೆ ಹೆಂಡತಿ, ಯುಕೆಜಿ ಓದುವ ಮಗಳು. ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ಆಟೋ ಹಿಡಿದಿದ್ದರು. ಅವನು ಕೈ ತೊಳೆದು ಕೂರುವಷ್ಟರಲ್ಲಿ ಮೂರು ಜನ ಕೇಳಿದರು: "ಕಾರೆಲ್ಲಿ?" ಮೂವರಿಗೂ ಒಂದೇ ಉತ್ತರ: "ಸರ್ವೀಸಿಗೆ ಬಿಟ್ಟಿದ್ದೀನಿ."

ಕಾರು ಸರ್ವೀಸಿಗೆ ಹೋಗಿರಲಿಲ್ಲ. ಹೊಸಕೋಟೆ ಕಡೆಯ ಒಂದು ಯಾರ್ಡಿನಲ್ಲಿ, ಕಂತು ತಪ್ಪಿದ ಬೇರೆ ಗಾಡಿಗಳ ಸಾಲಿನಲ್ಲಿ ಧೂಳು ಕುಡಿಯುತ್ತ ನಿಂತಿತ್ತು. ನನಗೆ ಗೊತ್ತಿತ್ತು, ಯಾಕೆಂದರೆ ಅವನು ನನ್ನ ತಂಗಿಯ ಮೈದುನ. ಮಜ್ಜಿಗೆಗೂ ಕಾಯದೆ ಅವನು ಎದ್ದು ಹೋದ ಮೇಲೆ ಪಕ್ಕದ ಎಲೆಯವರು ಹೋಳಿಗೆ ಮುರಿಯುತ್ತ ತೀರ್ಪು ಕೊಟ್ಟರು. "ಏನ್ ಸರ್ವೀಸು! ಕೆಲ್ಸ ಹೋಗಿ ಆರು ತಿಂಗ್ಳಾಯ್ತಂತೆ. ಸೀಜ್ ಮಾಡ್ಕೊಂಡ್ ಹೋಗಿದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಸ್ವಾಮಿ." ಆ ಸಾಲಿನಲ್ಲಿದ್ದ ನಾಲ್ಕೂ ಜನ ತಲೆಯಾಡಿಸಿದರು.

ಗಾದೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಯಾವಾಗ, ಯಾರಿಗೆ ಹೇಳುತ್ತೇವೆ ಅನ್ನುವುದರ ಮೇಲೆ ಸಿಟ್ಟು. ಎರಡೂವರೆ ವರ್ಷದ ಹಿಂದೆ ಇದೇ ಕಾರು ಇದೇ ಊರಿಗೆ ಮೊದಲ ಸಲ ಬಂದಾಗಲೂ ನಾನಿದ್ದೆ. ದೇವಸ್ಥಾನದ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು, ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಶೋರೂಮಿನವರು ಕೇಕು ಕತ್ತರಿಸಿ, ರಟ್ಟಿನ ದೊಡ್ಡ ಕೀಲಿ ಕೈಗೆ ಕೊಟ್ಟು ತೆಗೆದ ಫೋಟೋ ನೆಂಟರ ಮೊಬೈಲುಗಳಲ್ಲೆಲ್ಲ ಓಡಾಡಿತು. ಪಕ್ಕದ ಎಲೆಯ ಇದೇ ಮಹನೀಯರು ಮುಂದಿನ ಸೀಟಿನಲ್ಲಿ ಕೂತು ಕೆರೆ ಏರಿಯವರೆಗೆ ಹೋಗಿಬಂದು "ಏಸಿ ಚೆನ್ನಾಗಿದೆ" ಅಂದಿದ್ದರು. ಅವತ್ತು ಹಾಸಿಗೆಯ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ. ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ, ಆದರೆ ಅದು ನೆನಪಾಗುವುದು ಪಕ್ಕದ ಮನೆಯವನ ಕಂತು ತಪ್ಪಿದಾಗ ಮಾತ್ರ.

ಅವನ ಹಾಸಿಗೆಯನ್ನು ಅವನಿಗಿಂತ ಮೊದಲೇ ಸಾಲ ಕೊಟ್ಟವರು ಅಳೆದಿದ್ದರು. ಮೂರು ತಿಂಗಳ ಪೇಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂ 16, ಸಿಬಿಲ್ ಸ್ಕೋರು, ಆಫೀಸಿಗೆ ಒಂದು ಫೋನು, ಮನೆಗೆ ಒಬ್ಬ ವೆರಿಫಿಕೇಶನ್ ಹುಡುಗ. ತಿಂಗಳ ಆದಾಯದಲ್ಲಿ ಕಂತುಗಳ ಪಾಲೆಷ್ಟು ಎಂದು ನೋಡುವುದು ಆ ವ್ಯಾಪಾರದ ಅಆಇಈ. ಕೈಗೆ ಬರುತ್ತಿದ್ದದ್ದು 85 ಸಾವಿರ, ಕಂತು 14,710. ಹೆಚ್ಚುಕಮ್ಮಿ ಆರರಲ್ಲೊಂದು ಪಾಲು. ಗಾದೆಯ ಪ್ರಕಾರವೇ ಹೇಳುವುದಾದರೆ ಕಾಲು ಹಾಸಿಗೆಯ ಒಳಗೇ ಇತ್ತು. ನಡುರಾತ್ರಿಯಲ್ಲಿ ಹಾಸಿಗೆ ಎಳೆದುಕೊಂಡವರು ಬೇರೆ.

ಎಳೆದುಕೊಂಡದ್ದು ಹೇಗೆ ಅನ್ನುವುದನ್ನೂ ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕದೊಂದು ಮೀಟಿಂಗ್ ರೂಮು. ಎಚ್‌ಆರ್‌ನವರು ಇಬ್ಬರು, ಮೇಜಿನ ಮೇಲೆ ನೀರಿನ ಬಾಟಲಿ, ಟಿಶ್ಯೂ ಡಬ್ಬ. ಎರಡು ದಾರಿ ಇಟ್ಟರು: ನೀನಾಗೇ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆಯ ರಿಲೀವಿಂಗ್ ಲೆಟರ್, ಇಲ್ಲವಾದರೆ ಟರ್ಮಿನೇಶನ್, ಮುಂದಿನ ಕಂಪನಿಯವರು ವಿಚಾರಿಸಿದಾಗ ಅದೇ ಹೇಳುತ್ತೇವೆ. ಅವನು "ವೈಯಕ್ತಿಕ ಕಾರಣಗಳಿಂದ" ಎಂದು ಟೈಪ್ ಮಾಡಿದ. ವೈಯಕ್ತಿಕ ಕಾರಣ ಅವನಿಗೆ ಯಾವುದೂ ಇರಲಿಲ್ಲ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುತ್ತೇವೆ ಎಂದಾಗ ಅದು ಸುದ್ದಿಯಾಯಿತು. ಸುದ್ದಿಯಾಗದೆ ಇಂಥ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಎದ್ದುಹೋಗುವವರು ರಾಜೀನಾಮೆಯ ಲೆಕ್ಕಕ್ಕೆ ಸೇರುತ್ತಾರೆ.

'ವೈಯಕ್ತಿಕ ಕಾರಣ' ಎಂಬ ಆ ಎರಡು ಪದಗಳ ಬೆಲೆ ಆಮೇಲೆ ತಿಳಿಯಿತು. ಸಾಲದ ಜೊತೆ ಕೆಲಸ ಹೋದರೆ ಕಂತು ತುಂಬುವ ವಿಮೆಯೊಂದನ್ನೂ ಅವನಿಗೆ ಮಾರಿದ್ದರು, ಅದರ ಪ್ರೀಮಿಯಂ ಸಾಲದ ಮೊತ್ತದಲ್ಲೇ ಸೇರಿತ್ತು. ಇಂಥ ವಿಮೆ ಕೊಡುವುದೇ ಮೂರು ನಾಲ್ಕು ಕಂತು. ಸ್ವಂತ ಇಚ್ಛೆಯ ರಾಜೀನಾಮೆಗೆ ಅದೂ ಇಲ್ಲ. ಸರ್ಕಾರದ ಕಡೆ ನೋಡೋಣವೆಂದರೆ, ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ಅಡಿಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ತೊಂಬತ್ತು ದಿನದವರೆಗೆ ಸರಾಸರಿ ಕೂಲಿಯ ಅರ್ಧ. ಆದರೆ ಇಎಸ್‌ಐ ವ್ಯಾಪ್ತಿ ತಿಂಗಳಿಗೆ 21,000 ರೂಪಾಯಿ ಸಂಬಳಕ್ಕೇ ಮುಗಿಯುತ್ತದೆ. ಅದಕ್ಕಿಂತ ಮೇಲಿನವರಿಗೆ ಕೆಲಸ ಹೋದ ದಿನ ಅವರವರ ಹಣೆಬರಹ.

"ಹಾಗಾದ್ರೆ ಮೊದಲನೇ ತಿಂಗಳೇ ಮಾರಿ ಸಾಲ ತೀರಿಸಬಹುದಿತ್ತಲ್ಲ?" ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳುವಾಗ ಮುಖದಲ್ಲಿ ಒಂದು ಬಗೆಯ ಜಾಣತನ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಎಕ್ಸ್ ಶೋರೂಂ 8.5 ಲಕ್ಷದ ಕಾರು. ಆ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 14, ಆ ತೆರಿಗೆಯ ಮೇಲೆ ಮತ್ತೆ ಸೆಸ್ಸು. ಒಂದು ಲಕ್ಷದ ಮೂವತ್ತು ಸಾವಿರದ ಆಸುಪಾಸು ಸರ್ಕಾರಕ್ಕೆ ಹೋಯಿತು. ಕಾರು ಮಾರುವಾಗ ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಸಾಲ 9 ಲಕ್ಷ, ಬಡ್ಡಿ ಶೇ. 9.5, ಅವಧಿ ಏಳು ವರ್ಷ. ಎರಡು ವರ್ಷ ಒಂದು ದಿನವೂ ತಪ್ಪದೆ ಅವನು ಕಟ್ಟಿದ್ದು 3,53,000 ರೂಪಾಯಿ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಬಡ್ಡಿಗೇ ಹೋಗಿ, ಅಸಲಿನಲ್ಲಿ ಕರಗಿದ್ದು ಎರಡು ಲಕ್ಷ ಮಾತ್ರ. ಬಾಕಿ ಇನ್ನೂ ಏಳು ಲಕ್ಷ. ವಿಮೆಯವರ ಸವಕಳಿ ಪಟ್ಟಿಯಲ್ಲಿ ಎರಡು ವರ್ಷ ದಾಟಿದ ಕಾರಿಗೆ ಶೇ. 30 ಕಡಿತ, ಅಲ್ಲಿಗೆ ಅದರ ಬೆಲೆ ಆರು ಲಕ್ಷಕ್ಕೂ ಕೆಳಗೆ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸ ಕಾರು ಕೊಳ್ಳುವವರಿಗೆ ಹಬ್ಬ. ಅದಕ್ಕೆ ಮೊದಲು ಕೊಂಡವರ ಹಳೇ ಕಾರಿನ ದರ ಕೂತಲ್ಲೇ ಕುಸಿಯಿತು.

ಮಾರಲು ಇನ್ನೊಂದು ಬಾಗಿಲೂ ದಾಟಬೇಕು. ಆರ್‌ಸಿಯಲ್ಲಿ 'ಎಚ್‌ಪಿ' ಕೂತಿರುತ್ತದೆ, ಅಂದರೆ ಗಾಡಿ ಸಾಲ ಕೊಟ್ಟವರ ಹೆಸರಿಗೆ ಅಡವು. ಪೂರ್ತಿ ಬಾಕಿ ಕಟ್ಟಿ, ಎನ್‌ಒಸಿ ಮತ್ತು ಫಾರಂ 35 ತಂದು, ಆರ್‌ಟಿಓದಲ್ಲಿ ಎಚ್‌ಪಿ ತೆಗೆಸಿದ ಮೇಲಷ್ಟೇ ಕಾರು ಕೈಬದಲಾಗುವುದು. ಕಾರು ಮಾರಿದ ದುಡ್ಡಿನ ಮೇಲೆ ಒಂದು ಲಕ್ಷಕ್ಕೂ ಮಿಕ್ಕಿ ಕೈಯಿಂದ ಹಾಕಬೇಕು. ಜೊತೆಗೆ ಅವಧಿಗೆ ಮುನ್ನ ಸಾಲ ಮುಗಿಸುವ ತಪ್ಪಿಗೆ ಅವನ ಒಪ್ಪಂದದಲ್ಲಿ ಬಾಕಿಯ ಶೇ. 5 ದಂಡ, ಅದಕ್ಕೂ ಜಿಎಸ್‌ಟಿ: ನಲವತ್ತು ಸಾವಿರ ದಾಟಿತು. ಕಟ್ಟಲು ಬಂದವನಿಗೂ ದಂಡ, ಕಟ್ಟಲಾಗದವನಿಗೂ ದಂಡ. ಒಂದೂವರೆ ಲಕ್ಷ ಹೊಂದಿಸಬಲ್ಲವನಾಗಿದ್ದರೆ ಹತ್ತು ತಿಂಗಳ ಕಂತನ್ನೇ ಕಟ್ಟಿಕೊಂಡು ಕೆಲಸ ಹುಡುಕುತ್ತಿದ್ದ.

ಈಗ ನನಗೆ ಅತ್ಯಂತ ಉರಿ ತರಿಸಿದ ಭಾಗಕ್ಕೆ ಬರುತ್ತೇನೆ. ಅವನು ಅಡಗಿ ಕೂರಲಿಲ್ಲ. ಕೆಲಸ ಹೋದ ಒಂಬತ್ತನೇ ದಿನ, ಒಂದು ಕಂತೂ ತಪ್ಪದಿರುವಾಗಲೇ, ಸಾಲ ಕೊಟ್ಟ ಕಂಪನಿಯ ಶಾಖೆಗೆ ಹೋಗಿ ಕೂತ. "ಸರ್, ಕೆಲಸ ಹೋಗಿದೆ. ನಾಲ್ಕು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ, ಅವಧಿ ಮುಂದಕ್ಕೆ ಹಾಕಿಕೊಡಿ." ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು: "ನಿಮ್ಮ ಅಕೌಂಟ್ ರೆಗ್ಯುಲರ್ ಇದೆಯಲ್ಲ ಸರ್, ಈಗ ಏನೂ ಮಾಡಕ್ಕಾಗಲ್ಲ. ಡ್ಯೂ ಆದ ಮೇಲೆ ಕಲೆಕ್ಷನ್‌ನವರೇ ಕಾಲ್ ಮಾಡ್ತಾರೆ." ಅಂದರೆ ಜ್ವರ ಬಂದಿದೆ ಎಂದು ಹೋದವನಿಗೆ, ಸನ್ನಿ ಹಿಡಿದ ಮೇಲೆ ಬಾ ಎಂದಂತೆ.

ಆ ಹುಡುಗಿಯ ತಪ್ಪಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಷರತ್ತು ಸಡಿಲಿಸಿದರೆ ಆ ಖಾತೆಯನ್ನು ಎನ್‌ಪಿಎ (ಕೆಟ್ಟ ಸಾಲ) ಪಟ್ಟಿಗೆ ಇಳಿಸಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ಸಾಮಾನ್ಯ ನಿಯಮ. ಸುಮ್ಮನಿದ್ದರೋ, ತೊಂಬತ್ತು ದಿನ ಬಾಕಿಯಾಗುವವರೆಗೆ ಪುಸ್ತಕದಲ್ಲಿ ಅದು ಒಳ್ಳೆಯ ಸಾಲವೇ. ಮೊದಲೇ ಸಹಾಯ ಮಾಡಿದರೆ ಲೆಕ್ಕ ಕೆಡುತ್ತದೆ, ಕಣ್ಣುಮುಚ್ಚಿ ಕೂತರೆ ಇನ್ನೂ ಮೂರು ತಿಂಗಳು ಕೆಡುವುದಿಲ್ಲ. ಹೀಗಿರುವಾಗ ಯಾವ ಮ್ಯಾನೇಜರ್ ತಾನೆ ಪ್ರಾಮಾಣಿಕನ ಮಾತು ಕೇಳಿಸಿಕೊಂಡಾನು? ದೊಡ್ಡ ಕಂಪನಿಗಳ ವಂಚನೆ ತಡೆಯಲು ನಿಯಮಕ್ಕೆ ಕಾರಣವಿದ್ದೀತು. ಅದು ಬಂದು ಬಿದ್ದದ್ದು ಹದಿನಾಲ್ಕು ಸಾವಿರದ ಕಂತಿನವನ ತಲೆಯ ಮೇಲೆ.

ಎರಡು ಕಂತು ಕಂಪನಿ ಕೊಟ್ಟ ದುಡ್ಡಿನಿಂದ ಹೋಯಿತು. ಮೂರನೆಯದು ಬೌನ್ಸ್. ಬೌನ್ಸಿಗೆ ಸಾಲದವರ ದಂಡ ಒಂದು, ಸಂಬಳದ ಖಾತೆ ಇದ್ದ ಬ್ಯಾಂಕಿನ ದಂಡ ಇನ್ನೊಂದು. ಆಮೇಲೆ ಫೋನುಗಳು. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದ ಪ್ರಕಾರ ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲ. ಸಾಲಗಾರನನ್ನು ನಾಲ್ಕು ಜನರ ಮುಂದೆ ಅವಮಾನಿಸುವಂತಿಲ್ಲ. ಮನೆಯವರು, ಸ್ನೇಹಿತರು, ಅರ್ಜಿಯಲ್ಲಿ ರೆಫರೆನ್ಸ್ ಕೊಟ್ಟವರ ಗೋಪ್ಯತೆಗೆ ಕೈಹಾಕುವಂತಿಲ್ಲ. ಬಲವಂತದಿಂದ ಗಾಡಿ ಎಳೆದೊಯ್ಯುವುದನ್ನು ಸುಪ್ರೀಂ ಕೋರ್ಟು 2007ರಲ್ಲೇ, ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಪ್ರಕರಣದಲ್ಲಿ ಖಂಡಿಸಿತ್ತು. ಅಡವಿಟ್ಟ ವಾಹನವನ್ನೂ ಕಾನೂನಿನ ದಾರಿಯಲ್ಲೇ ವಶಕ್ಕೆ ಪಡೆಯಬೇಕೆಂದು 2011ರಲ್ಲಿ ಮತ್ತೆ ಹೇಳಿತು. ಇಷ್ಟೆಲ್ಲ ಇದ್ದೂ, ಟೋಲ್ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು, ಹೋಗಿಬರುವ ಗಾಡಿಗಳ ನಂಬರನ್ನು ಮೊಬೈಲಿನ ಆ್ಯಪಿಗೆ ಹೊಡೆದು ನೋಡುವ ಸೀಜಿಂಗ್ ಹುಡುಗರನ್ನು ಕಾಣಬೇಕಾದರೆ ದೂರ ಹೋಗಬೇಕಿಲ್ಲ. ಅವರದೂ ಪೀಸ್ ರೇಟಿನ ಕೂಲಿ, ಗಾಡಿಗಿಷ್ಟು ಅಂತ.

ನಮ್ಮ ಹುಡುಗನ ವಿಷಯದಲ್ಲಿ ಗಲಾಟೆಯೇ ಆಗಲಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಬ್ಬರು ಬಂದರು, ವಾಚ್‌ಮನ್ ನೋಡುತ್ತಿದ್ದ, ಮೇಲಿನ ಮನೆಯವರು ಸ್ಕೂಟರ್ ತೆಗೆಯುತ್ತಿದ್ದರು. ದನಿ ಏರಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಇವನೇ ಕೀಲಿ ಕೊಟ್ಟುಬಿಟ್ಟ. ಇನ್ವೆಂಟರಿ ಹಾಳೆಯಲ್ಲಿ ಸ್ಟೆಪ್ನಿ, ಜಾಕ್, ಮ್ಯಾಟು, ಸ್ಟೀರಿಯೋ ಎಂದು ಬರೆದುಕೊಂಡರು. ಮಗಳ ಬೂಸ್ಟರ್ ಸೀಟು ಬರೆಯಲಿಲ್ಲ, ತೆಗೆದುಕೊಡಲೂ ಇಲ್ಲ. ನೋಟಿಸ್ ಎಲ್ಲಿ ಅಂತ ಕೇಳಲಿಲ್ವಾ ಎಂದರೆ "ಕೇಳೋ ಹಾಗಿರ್ಲಿಲ್ಲ" ಅಂದ. ಸುಪ್ರೀಂ ಕೋರ್ಟು ಅವನಿಗೆ ಕೊಟ್ಟ ಹಕ್ಕನ್ನು ಅವನ ಕೈಯಿಂದ ಕಿತ್ತುಕೊಂಡದ್ದು ಆ ಇಬ್ಬರಲ್ಲ, ಸ್ಕೂಟರ್ ತೆಗೆಯುತ್ತಿದ್ದವರ ಕಣ್ಣು. ಏಜೆಂಟನು ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದನ್ನು ನೆಂಟರು, ನೆರೆಯವರು, ಪಕ್ಕದ ಎಲೆಯವರು ಪುಕ್ಕಟೆ ಮಾಡಿಕೊಡುತ್ತಿದ್ದೇವೆ. ಕಮಿಷನ್ ಇಲ್ಲ, ಸಮಯದ ಮಿತಿಯೂ ಇಲ್ಲ. ನಮ್ಮ ನೀತಿಬೋಧೆಯೇ ವಸೂಲಿಯ ಅತ್ಯಂತ ಅಗ್ಗದ ಆಯುಧ.

ಮರ್ಯಾದೆಗೆ ಹೆದರಿದವನು ಮಾಡುವುದೆಲ್ಲ ತಪ್ಪೇ. ಫೋನ್ ಎತ್ತುವುದಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಕಾರಿನ ಕಂತು ಕಟ್ಟುತ್ತಾನೆ, ಶೇ. 9.5ರ ಸಾಲವನ್ನು ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟಿನ ಸಾಲದಿಂದ ತೀರಿಸುತ್ತಾನೆ. ಹೆಂಡತಿಯ ಬಳೆ ಅಡವಿಡುತ್ತಾನೆ. ಬಂದ ಪತ್ರ ಒಡೆದು ನೋಡುವುದಿಲ್ಲ, ಹರಾಜಿನ ನೋಟಿಸ್ ಕೂಡ ಅದೇ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಕಂತು ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವಿಚಾರ ಎನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಬೌನ್ಸಾದರೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಚೆಕ್ ಬೌನ್ಸಿನ ಹಾಗೆಯೇ, ಎರಡು ವರ್ಷದವರೆಗೆ ಜೈಲಿನ ಕೇಸು ಹಾಕಬಹುದು. ಆ ಹಕ್ಕಿನ ಬಗ್ಗೆ ಕಲೆಕ್ಷನ್‌ನವರು ಫೋನಿನಲ್ಲಿ ಸೊಗಸಾಗಿ ವಿವರಿಸುತ್ತಾರೆ.

"ಬ್ಯಾಂಕಿನಲ್ಲಿರೋದು ನಮ್ಮ ದುಡ್ಡು ಸ್ವಾಮಿ, ಠೇವಣಿ ಇಟ್ಟವರ ಗತಿ?" ಈ ಆಕ್ಷೇಪಕ್ಕೆ ಮರ್ಯಾದೆ ಕೊಡಬೇಕು, ಯಾಕೆಂದರೆ ಇದನ್ನು ಕೇಳುವವರಲ್ಲಿ ನಿವೃತ್ತ ಮೇಷ್ಟ್ರುಗಳೂ ಇದ್ದಾರೆ. ಠೇವಣಿಗೆ ಕೊಡುವ ಬಡ್ಡಿಗೂ ಸಾಲಕ್ಕೆ ತೆಗೆದುಕೊಳ್ಳುವ ಬಡ್ಡಿಗೂ ನಡುವಿನ ಅಂತರ ಯಾಕಿದೆ? ಅದರಲ್ಲಿ ಬಾಡಿಗೆ, ಸಂಬಳ, ಲಾಭ ಇರುವ ಹಾಗೆಯೇ, ನೂರರಲ್ಲಿ ಕೆಲವರ ಕೆಲಸ ಹೋಗುತ್ತದೆ ಎನ್ನುವ ಅಂದಾಜೂ ಇದೆ. ಸಿಬಿಲ್ ಸ್ಕೋರು ಕಡಿಮೆಯಿದ್ದವನಿಗೆ ಬಡ್ಡಿ ಹೆಚ್ಚು ಹಾಕುವುದು ಇದೇ ಅಂದಾಜಿಗೆ. ಅಪಾಯದ ಬೆಲೆಯನ್ನು ತಿಂಗಳುತಿಂಗಳು ಮುಂಗಡ ವಸೂಲಿ ಮಾಡಿಕೊಂಡವರು, ಅಪಾಯ ನಿಜವಾಗಿ ಬಂದ ದಿನ "ಮೋಸ ಹೋದೆವು" ಎಂದು ಬೊಬ್ಬೆ ಹಾಕಿದರೆ ನಂಬುವುದು ಹೇಗೆ? ನಾನು ಸಾಲ ಮನ್ನಾ ಕೇಳುತ್ತಿಲ್ಲ. ಈ ನಾಡು ಅದನ್ನೂ ನೋಡಿದೆ, 1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯ್ದೆ ಬಡವರನ್ನು ಖಾಸಗಿ ಲೇವಾದೇವಿಯವರಿಂದ ಬಿಡಿಸಲು ಬಂದದ್ದು. ಕಾರಿನವನಿಗೆ ಅದು ಬೇಡ. ಅವನಿಗೆ ಬೇಕಾದ್ದು ಉಸಿರಾಡಲು ನಾಲ್ಕು ತಿಂಗಳು.

ಅದು ಸಾಧ್ಯವಿಲ್ಲ ಅನ್ನುವವರಿಗೆ 2020 ನೆನಪಿಸಬೇಕು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ಬಡ್ಡಿ ಓಡುತ್ತಲೇ ಇತ್ತು, ಸಾಲಗಾರರೇ ಕಟ್ಟಿದರು. ಅದೇ ಆಗಸ್ಟಿನಲ್ಲಿ, ಎನ್‌ಪಿಎ ಹಣೆಪಟ್ಟಿ ಹಚ್ಚದೆ ವೈಯಕ್ತಿಕ ಸಾಲಗಳ ಅವಧಿ ಬದಲಿಸಲೂ ಒಂದು ಕಿಂಡಿ ತೆರೆಯಿತು. ಬ್ಯಾಂಕುಗಳು ಮುಳುಗಲಿಲ್ಲ. ಇಡೀ ದೇಶಕ್ಕೆ ಒಟ್ಟಿಗೇ ಕೆಲಸ ಹೋದರೆ ಅದು ವಿಪತ್ತು, ಒಬ್ಬೊಬ್ಬನಿಗೇ ಹೋದರೆ ಅವನ ಚಟ!

ಕಂಪನಿಗಳಿಗೆ ಈ ನೀತಿಪಾಠ ಇಲ್ಲ. ಸಾಲ ತೀರಿಸಲಾಗದ ಕಂಪನಿ 2016ರ ದಿವಾಳಿ ಸಂಹಿತೆಯ ಅಡಿಯಲ್ಲಿ ಎನ್‌ಸಿಎಲ್‌ಟಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ, ಅರ್ಜಿ ಅಂಗೀಕಾರವಾದ ಕೂಡಲೇ ವಸೂಲಿಯೆಲ್ಲ ನಿಲ್ಲುತ್ತದೆ. ಸಾಲ ಕೊಟ್ಟವರೆಲ್ಲ ಒಂದು ಮೇಜಿಗೆ ಬಂದು ಎಷ್ಟು ಬಿಡಬೇಕು ಎಂದು ಚೌಕಾಸಿ ಮಾಡುತ್ತಾರೆ. ಅದಕ್ಕೆ 'ಹೇರ್‌ಕಟ್' ಎಂಬ ನಾಜೂಕಾದ ಹೆಸರಿದೆ. ಅದೇ ಸಂಹಿತೆಯ ಮೂರನೇ ಭಾಗದಲ್ಲಿ ವ್ಯಕ್ತಿಗಳಿಗೂ ಇಂಥದೊಂದು ದಾರಿ ಬರೆದಿದೆ. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ 2019ರ ಡಿಸೆಂಬರ್‌ನಲ್ಲಿ ಅದನ್ನು ಜಾರಿಗೆ ತಂದರು. ಉಳಿದ ನಮ್ಮನಿಮ್ಮಂಥವರಿಗೆ ಅದು ಪುಸ್ತಕದಲ್ಲೇ ಇದೆ. ನಮಗೆ ಉಳಿದಿರುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದನ್ನು ಹಿಡಿದು ಜಿಲ್ಲಾ ನ್ಯಾಯಾಲಯಕ್ಕೆ ಹೋದ ಸಾಫ್ಟ್‌ವೇರ್ ಹುಡುಗನನ್ನು ನಾನಂತೂ ನೋಡಿಲ್ಲ. 'ದಿವಾಳಿ' ಅನ್ನುವ ಪದವೇ ನಮ್ಮಲ್ಲಿ ಬೈಗುಳ.

ಇದರ ಮೇಲೆ ಇನ್ನೊಂದು ಸುತ್ತು ಇದೆ. 2025ರಲ್ಲಿ ಮದ್ರಾಸ್ ಹೈಕೋರ್ಟು, ಸಿಬಿಲ್ ದಾಖಲೆ ಚೆನ್ನಾಗಿಲ್ಲವೆಂದು ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕ ರದ್ದು ಮಾಡಿದ್ದನ್ನು ಸರಿ ಎಂದಿತು. ಬ್ಯಾಂಕಿಂಗ್ ಪ್ರಾಜೆಕ್ಟುಗಳಿಗೆ ಜನ ತೆಗೆದುಕೊಳ್ಳುವ ಐಟಿ ಕಂಪನಿಗಳೂ ಇದನ್ನು ತಡಕುತ್ತವೆ. ಕೆಲಸ ಇಲ್ಲದ್ದಕ್ಕೆ ಕಂತು ಕಟ್ಟಲಾಗಲಿಲ್ಲ. ಕಂತು ಕಟ್ಟದ್ದಕ್ಕೆ ಕೆಲಸ ಸಿಗಲಿಲ್ಲ. ಈ ಗಾಣದಿಂದ ಅವನು ಯಾವ ಕಡೆಯಿಂದ ಇಳಿಯಬೇಕು ಎಂದು ಹಾಸಿಗೆ ಗಾದೆಯವರು ಹೇಳಿದರೆ ಕೇಳಿಸಿಕೊಳ್ಳಲು ಸಿದ್ಧ.

ಅವನದೇನೂ ತಪ್ಪಿಲ್ಲವೇ ಅಂದರೆ, ಇದೆ. ಐದು ವರ್ಷಕ್ಕೆ ಮುಗಿಸಬಹುದಾದ ಸಾಲವನ್ನು ಏಳಕ್ಕೆ ಎಳೆದದ್ದು ತಪ್ಪು. ಕಂತು ನಾಲ್ಕು ಸಾವಿರ ಕಡಿಮೆಯಾಗುತ್ತದೆ ಎಂದು ಶೋರೂಮಿನ ಹುಡುಗ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಾಗ ಒಟ್ಟು ಬಡ್ಡಿ ಎಷ್ಟಾಗುತ್ತದೆ ಎಂದು ಕೇಳಲಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡಿರಲಿಲ್ಲ. ಬೊಮ್ಮಸಂದ್ರಕ್ಕೆ ಮೆಟ್ರೋ ಬರುವವರೆಗೆ, ಅಂದರೆ 2025ರ ಆಗಸ್ಟ್‌ವರೆಗೆ, ಸಿಲ್ಕ್ ಬೋರ್ಡಿನಲ್ಲಿ ಕಾದು ಸಾಯುತ್ತಿದ್ದವನು ಇನ್ನೂ ಸ್ವಲ್ಪ ದಿನ ಬೈಕಿನಲ್ಲೇ ಮಳೆ ನೆನೆಯಬಹುದಿತ್ತು. ಶೋಕಿಗೆ ಕಾರು ಕೊಂಡು ಸಾಲ ಮುಳುಗಿಸುವವರೂ ಇದ್ದಾರೆ, ನನ್ನ ಬೀದಿಯಲ್ಲೇ ಒಬ್ಬರಿದ್ದಾರೆ. ಆದರೆ ಅಂಥವರು ಗೃಹಪ್ರವೇಶದಲ್ಲಿ ಮಜ್ಜಿಗೆ ಬಿಟ್ಟು ಎದ್ದುಹೋಗುವುದಿಲ್ಲ, ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ನಮ್ಮ ಗಾದೆಯ ಏಟು ಬೀಳುವುದು ಯಾವತ್ತೂ ನಾಚಿಕೆ ಇರುವವನಿಗೇ.

ಅಂದಹಾಗೆ ನಾವು ಉಂಡ ಆ ಹೊಸ ಮನೆಗೂ ಇಪ್ಪತ್ತು ವರ್ಷದ ಸಾಲವಿದೆ. ಅದನ್ನು ಯಜಮಾನರೇ ಹೆಮ್ಮೆಯಿಂದ ಹೇಳಿಕೊಂಡರು, ಎಲ್ಲರೂ ಭೇಷ್ ಅಂದರು.

ಮೊನ್ನೆ ಸಂಜೆ ಪಕ್ಕದ ಎಲೆಯ ಮಹನೀಯರ ಫೋನು. ಕುಶಲ ಸಮಾಚಾರ, ತೆಂಗಿನಕಾಯಿ ರೇಟು, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿದರು. ಮಗನಿಗೆ ವೈಟ್‌ಫೀಲ್ಡಿನಲ್ಲಿ ಒಳ್ಳೆ ಕೆಲಸ ಸಿಕ್ಕಿದೆಯಂತೆ, ಹೆಣ್ಣು ನೋಡುತ್ತಿದ್ದಾರಂತೆ, ಬರುವ ಆಯುಧಪೂಜೆಯೊಳಗೆ ಒಂದು ಕಾರು ಮಾಡಿಕೊಳ್ಳೋಣ ಅಂತ. "ನೀವು ಪೇಪರಿಗೆಲ್ಲ ಬರೀತೀರಿ, ನಿಮ್ಗೆ ಗೊತ್ತಿರತ್ತೆ," ಅಂದರು. "ಏಳು ವರ್ಷಕ್ಕೆ ಮಾಡ್ಸಿದ್ರೆ ಕಂತು ಕಮ್ಮಿ ಬರತ್ತಂತಲ್ಲ?"

"ಬರತ್ತೆ" ಅಂದೆ.